ಎ-ಲೆವೆಲ್ ಫಿಸಿಕ್ಸ್: ಲೆಕ್ಕ ಹಗುರ, ವಾಕ್ಯ ಭಾರ

ಶಿವಮೊಗ್ಗದಲ್ಲಿ ಪ್ರಥಮ ಪಿಯುಸಿ ಮುಗಿಸಿ ಇಂಗ್ಲೆಂಡಿಗೆ ಬಂದವಳು ನಾನು. ಅಮ್ಮನಿಗೆ ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು; ಅವರ ಹಿಂದೆ ನಾವೂ ಕೋವೆಂಟ್ರಿಗೆ ಬಂದು ನೆಲೆಸಿದೆವು. ಹದಿನಾರರಿಂದ ಹದಿನೆಂಟರ ವಯಸ್ಸಿನ ಮಕ್ಕಳು ಓದುವ ಎರಡು ವರ್ಷಗಳಿಗೆ ಇಲ್ಲಿ ಸಿಕ್ಸ್ತ್ ಫಾರ್ಮ್ ಎನ್ನುತ್ತಾರೆ; ಅದರ ಕೊನೆಗೆ ಬರೆಯುವ ಪರೀಕ್ಷೆಯೇ ಎ-ಲೆವೆಲ್. ಯುಗಾದಿಗೋ ದೀಪಾವಳಿಗೋ ಕನ್ನಡದವರು ಸೇರಿದಲ್ಲೆಲ್ಲ ಹೊಸದಾಗಿ ಬಂದ ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಪಿಯುಸಿ ಫಿಸಿಕ್ಸ್‌ಗಿಂತ ಎ-ಲೆವೆಲ್ ಸುಲಭವಂತೆ, ಹೌದೇ?’ ನಾನು ಎರಡನ್ನೂ ಅಷ್ಟಿಷ್ಟು ಕಂಡವಳು. ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ.

ವಿಷಯಗಳು ಸಾಮಾನ್ಯವಾಗಿ ಮೂರೇ. ಎರಡು ಭಾಷೆ, ಅದರ ಮೇಲೆ ಪಿಸಿಎಂಬಿ ಎಂದು ಆರು ವಿಷಯಗಳ ಹಿಂದೆ ಓಡಿದವಳಿಗೆ ಮೊದಲ ವಾರ ರಜೆಯಲ್ಲಿ ಇದ್ದಂತೆಯೇ ಅನಿಸಿತು. ನಾನು ತೆಗೆದುಕೊಂಡದ್ದು ಫಿಸಿಕ್ಸ್, ಗಣಿತ, ಕೆಮಿಸ್ಟ್ರಿ. ಗಣಿತವಿಲ್ಲದೆಯೂ ಫಿಸಿಕ್ಸ್ ತೆಗೆದುಕೊಳ್ಳಲು ಅನೇಕ ಕಡೆ ಬಿಡುತ್ತಾರೆ. ಬಿಟ್ಟರೆಂದು ತೆಗೆದುಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಲನೆಯ ಸಮೀಕರಣಗಳು, ಸದಿಶಗಳು, ಲಾಗರಿದಮ್, ಇವೆಲ್ಲ ಗಣಿತದ ತರಗತಿಯಲ್ಲಿ ಕೈಗೆ ಕೂಡಿ ಬಂದಿರುತ್ತವೆ. ಇಲ್ಲದವರು ಫಿಸಿಕ್ಸ್ ಪಾಠದಲ್ಲಿ ಎರಡೆರಡು ಕೆಲಸ ಮಾಡಬೇಕಾಗುತ್ತದೆ. ಇನ್ನೊಂದು ಸಂಗತಿ ಕಣ್ಣಿಗೆ ಹೊಡೆದದ್ದು ಹುಡುಗಿಯರ ಸಂಖ್ಯೆ. ನಮ್ಮ ಪಿಯು ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಅರ್ಧ ಬೆಂಚು ನಮ್ಮದೇ ಆಗಿತ್ತು. ಇಂಗ್ಲೆಂಡಿನಲ್ಲಿ ಎ-ಲೆವೆಲ್ ಫಿಸಿಕ್ಸ್ ಬರೆಯುವವರಲ್ಲಿ ಹುಡುಗಿಯರು ನಾಲ್ವರಲ್ಲಿ ಒಬ್ಬರೂ ಇಲ್ಲ. ಇಷ್ಟು ಶಾಲೆಗಳಿರುವ ದೇಶದಲ್ಲಿ ಹೀಗೇಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಊರಿನಲ್ಲಿ ಸಿಇಟಿಗೆ ಓದುತ್ತಿದ್ದ ಚಿಕ್ಕಪ್ಪನ ಮಗಳು ಒಮ್ಮೆ ಫೋನಿನಲ್ಲಿ ಕೇಳಿದಳು: ‘ಅಕ್ಕಾ, ಫಾರ್ಮುಲಾಗಳನ್ನೆಲ್ಲ ಅವರೇ ಅಚ್ಚು ಹಾಕಿ ಕೊಡುತ್ತಾರಂತಲ್ಲ, ಕ್ಯಾಲ್ಕುಲೇಟರ್ ಬೇರೆ. ಇನ್ನು ನೀನು ಓದುವುದೇನಿದೆ?’ ಅವಳು ಹೇಳಿದ್ದು ಸುಳ್ಳಲ್ಲ. ಪರೀಕ್ಷೆಯ ದಿನ ಸ್ಥಿರಾಂಕಗಳೂ ಸೂತ್ರಗಳೂ ಇರುವ ಕಿರುಪುಸ್ತಕ ಮೇಜಿನ ಮೇಲಿರುತ್ತದೆ. ಪುಟಗಟ್ಟಲೆ ಡಿರೈವೇಷನ್ ಉರು ಹೊಡೆದು ಬರೆಯುವುದಿಲ್ಲ. ಕಲನಶಾಸ್ತ್ರ (ಕ್ಯಾಲ್ಕುಲಸ್) ಬೇಕೇ ಇಲ್ಲ. ಗ್ರಾಫಿನ ಇಳಿಜಾರು ಮತ್ತು ಅದರ ಕೆಳಗಿನ ವಿಸ್ತೀರ್ಣ ತಿಳಿದರೆ ಸಾಕು. ಅಂಕಗಳಲ್ಲಿ ಕನಿಷ್ಠ ಶೇ. 40ರಷ್ಟು ಗಣಿತ ಕೌಶಲಕ್ಕೆ ಸೇರಬೇಕೆಂಬ ನಿಯಮವಿದೆ ನಿಜ, ಆದರೆ ಆ ಗಣಿತ ನಮ್ಮ ಪಿಯುಸಿಯವರನ್ನು ಬೆವರಿಳಿಸುವಂಥದ್ದಲ್ಲ.

ಬೆವರಿಳಿಸುವುದು ಮೂರು ಸಾಲಿನ ಉತ್ತರಗಳು. ಇದು ನನಗೆ ದ್ಯುತಿವಿದ್ಯುತ್ ಪರಿಣಾಮದ, ಎಂದರೆ ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವುದರ, ಪಾಠದಲ್ಲಿ ಸ್ಪಷ್ಟವಾಯಿತು. ಸತುವಿನ ತಟ್ಟೆಯ ಮೇಲೆ ಎಷ್ಟೇ ಪ್ರಖರವಾದ ಕೆಂಪು ಬೆಳಕು ಬಿದ್ದರೂ ಎಲೆಕ್ಟ್ರಾನ್ ಹೊರಬರುವುದಿಲ್ಲ, ಏಕೆ? ಮೂರು ಅಂಕ. ಪಿಯುಸಿ ರೂಢಿಯಲ್ಲಿ ಐನ್‌ಸ್ಟೈನರ ಸಮೀಕರಣ ಬರೆದು, ಪ್ರತಿ ಅಕ್ಷರ ಏನೆಂದು ವಿವರಿಸಿ, ಕೆಳಗೆ ಗೆರೆ ಎಳೆಯಬಹುದು. ಅದಕ್ಕೆ ಇಲ್ಲಿ ಒಂದು ಅಂಕ ಬಂದರೆ ಹೆಚ್ಚು. ಬೇಕಾದದ್ದು ಹೀಗೆ: ಒಂದು ಫೋಟಾನ್ (ಬೆಳಕಿನ ಕಣ) ಒಂದೇ ಎಲೆಕ್ಟ್ರಾನಿಗೆ ತನ್ನ ಶಕ್ತಿಯನ್ನು ಕೊಡುತ್ತದೆ, ಫೋಟಾನಿನ ಶಕ್ತಿ ಆವೃತ್ತಿಯನ್ನು ಅವಲಂಬಿಸಿದೆ, ಕೆಂಪು ಬೆಳಕಿನಲ್ಲಿ ಅದು ಸುಮಾರು 1.9 ಎಲೆಕ್ಟ್ರಾನ್ ವೋಲ್ಟ್, ಸತುವಿನ ಕಾರ್ಯಫಲನ (ಎಲೆಕ್ಟ್ರಾನ್ ಹೊರಬರಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 4.3, ಆದ್ದರಿಂದ ಸಾಲದು; ಪ್ರಖರತೆ ಹೆಚ್ಚಿಸಿದರೆ ಫೋಟಾನುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಒಂದೊಂದರ ಶಕ್ತಿ ಹೆಚ್ಚುವುದಿಲ್ಲ. ಮೂರು ವಾಕ್ಯ, ಮೂರು ಅಂಕ. ‘ಒಂದಕ್ಕೆ ಒಂದು’ ಎಂಬ ಮಾತು ಬಿಟ್ಟುಹೋದರೆ ಉಳಿದದ್ದೆಲ್ಲ ಸರಿಯಿದ್ದರೂ ಒಂದು ಅಂಕ ಹೋಯಿತೆಂದೇ ಲೆಕ್ಕ.

ಹಾಗಾಗಿ ನಾನು ಓದುವ ಕ್ರಮವನ್ನೇ ಬದಲಿಸಿದೆ. ಪಠ್ಯಪುಸ್ತಕದ ಅಧ್ಯಾಯ ಮುಗಿದೊಡನೆ ಹಳೆಯ ಪ್ರಶ್ನೆಪತ್ರಿಕೆಗಳಿಂದ ಆ ಅಧ್ಯಾಯದ ವಿವರಣೆಯ ಪ್ರಶ್ನೆಗಳನ್ನು ಮಾತ್ರ ಆರಿಸಿ ಬರೆಯುತ್ತಿದ್ದೆ; ಲೆಕ್ಕಗಳನ್ನು ಆಮೇಲೆ ನೋಡಿಕೊಳ್ಳುತ್ತಿದ್ದೆ. ಅಂಕ ಕೊಡುವ ಮಾದರಿ ಉತ್ತರಗಳು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ, ಎಲ್ಲರೂ ನೋಡುತ್ತಾರೆ. ಅದಕ್ಕಿಂತ ನನಗೆ ನೆರವಾದದ್ದು ಪರೀಕ್ಷಕರ ವರದಿ. ಪ್ರತಿ ವರ್ಷ ಪರೀಕ್ಷಾ ಮಂಡಳಿಗಳು ಯಾವ ಪ್ರಶ್ನೆಯಲ್ಲಿ ಮಕ್ಕಳು ಎಲ್ಲಿ ಎಡವಿದರು ಎಂದು ಬರೆದು ಪ್ರಕಟಿಸುತ್ತವೆ. ನಮ್ಮೂರಿನಲ್ಲಿ ಇಂಥದ್ದನ್ನು ಯಾರೂ ಕೈಗೆ ಕೊಟ್ಟಿರಲಿಲ್ಲ. ‘ಗುರುತ್ವ ಕ್ಷೇತ್ರದ ತೀವ್ರತೆ ಎಂದರೆ ಬಲ’ ಎಂದು ಬರೆದವರೆಷ್ಟೋ, ‘ಏಕಮಾನ ದ್ರವ್ಯರಾಶಿಯ ಮೇಲಿನ ಬಲ’ ಎಂದು ಬರೆದವರು ಎಷ್ಟು ಕಡಿಮೆಯೋ ಎಂದು ಪರೀಕ್ಷಕರು ನಿಟ್ಟುಸಿರು ಬಿಡುವುದು ಅದರ ಸಾಲುಗಳ ನಡುವೆ ಕೇಳಿಸುತ್ತದೆ.

ಲೆಕ್ಕಗಳಿಗೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ನಡೆಸುವ ಐಸಾಕ್ ಫಿಸಿಕ್ಸ್ ಎಂಬ ಉಚಿತ ತಾಣ ಇತ್ತು. ಉತ್ತರ ಸರಿಯಿದ್ದೂ ಸಾರ್ಥಕ ಅಂಕಿಗಳ ಸಂಖ್ಯೆ ತಪ್ಪಿದರೆ ಅದು ಒಪ್ಪುವುದಿಲ್ಲ. ಏಕಮಾನ ಬಿಟ್ಟರೂ ಒಪ್ಪುವುದಿಲ್ಲ. ಮೊದಮೊದಲು ಸಿಟ್ಟು ಬರುತ್ತದೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದು ಬಾಯಲ್ಲೇ ಲೆಕ್ಕ ಮುಗಿಸುವ ಚಪಲವೂ 9.81 ಎಂದು ಬರೆಯುವ ಹೊತ್ತಿಗೆ ಅಡಗುತ್ತದೆ.

ಇನ್ನು ಪ್ರಯೋಗಾಲಯ. ಊರಿನಲ್ಲಿ ಪ್ರಾಕ್ಟಿಕಲ್ ಎಂದರೆ ರೆಕಾರ್ಡ್ ಪುಸ್ತಕವನ್ನು ಅಂದವಾಗಿ ಬರೆದು ಸಹಿ ಹಾಕಿಸಿಕೊಳ್ಳುವುದು, ವೈವಾಕ್ಕೆ ಉತ್ತರ ಕಲಿತಿರುವುದು. ನಮ್ಮ ಬೋರ್ಡಾದ ಎಕ್ಯೂಎಯಲ್ಲಿ ಎರಡು ವರ್ಷಕ್ಕೆ 12 ಕಡ್ಡಾಯ ಪ್ರಯೋಗಗಳು. ಪ್ರಯೋಗಕ್ಕೆಂದೇ ಪರೀಕ್ಷೆಯ ದಿನ ಎಂಬುದಿಲ್ಲ. ಶಿಕ್ಷಕರು ನೋಡುತ್ತಾ ಹೋಗಿ ಕೊನೆಗೆ ‘ಪಾಸ್’ ಎಂದು ಪ್ರತ್ಯೇಕವಾಗಿ ದಾಖಲಿಸುತ್ತಾರೆ, ಗ್ರೇಡಿಗೆ ಅದು ಸೇರುವುದಿಲ್ಲ. ಹಾಗೆಂದು ಹಗುರವಾಗಿ ನೋಡಿದವರಿಗೆ ಲಿಖಿತ ಪರೀಕ್ಷೆಯಲ್ಲಿ ಬಿಸಿ ತಟ್ಟುತ್ತದೆ, ಏಕೆಂದರೆ ಅಲ್ಲಿ ಕನಿಷ್ಠ ಶೇ. 15 ಅಂಕ ಪ್ರಯೋಗದ ತಿಳಿವಳಿಕೆಯದ್ದೇ.

ನನಗೆ ಮನಸ್ಸು ಅಂಟಿದ ಪ್ರಯೋಗ ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರಿನದು. 470 ಮೈಕ್ರೋಫ್ಯಾರಡ್ ಎಂದು ಮೈಮೇಲೆ ಬರೆದಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು ಚಾರ್ಜ್ ಮಾಡಿ, 100 ಕಿಲೋ ಓಮ್ ರೋಧಕದ ಮೂಲಕ ಖಾಲಿಯಾಗಲು ಬಿಡುವುದು, ಹತ್ತು ಸೆಕೆಂಡಿಗೊಮ್ಮೆ ವೋಲ್ಟೇಜ್ ಗುರುತಿಸಿಕೊಳ್ಳುವುದು. ಒಬ್ಬಳು ಗಡಿಯಾರ ನೋಡಿ ಕೂಗಬೇಕು, ಇನ್ನೊಬ್ಬಳು ಮೀಟರ್ ಓದಬೇಕು. ಎರಡು ಸಂಖ್ಯೆಗಳನ್ನೂ ಗುಣಿಸಿದರೆ ಕಾಲ ಸ್ಥಿರಾಂಕ 47 ಸೆಕೆಂಡ್ ಬರಬೇಕು. ಅಷ್ಟು ಹೊತ್ತಿಗೆ ವೋಲ್ಟೇಜ್ ಮೊದಲಿನ ಶೇ. 37ಕ್ಕೆ ಇಳಿದಿರುತ್ತದೆ. ವೋಲ್ಟೇಜಿನ ನ್ಯಾಚುರಲ್ ಲಾಗ್ ತೆಗೆದು ಸಮಯದ ಎದುರು ಗುರುತಿಸಿದರೆ ಬಾಗಿದ ಗೆರೆ ನೇರವಾಗುತ್ತದೆ, ಅದರ ಇಳಿಜಾರಿನಿಂದ ಕಾಲ ಸ್ಥಿರಾಂಕ. ನಮಗೆ ಬಂದದ್ದು 51ರ ಆಸುಪಾಸು. ಊರಿನ ಅಭ್ಯಾಸದಲ್ಲಿ ನನ್ನ ಕೈ ರಬ್ಬರಿನ ಕಡೆಗೆ ಹೋಗುವುದರಲ್ಲಿತ್ತು. ಮೇಜಿನ ಬಳಿ ನಿಂತಿದ್ದ ಮಿಸ್ (ಇಲ್ಲಿ ಮೇಷ್ಟ್ರಿಗೆ ಸರ್, ಟೀಚರಿಗೆ ಮಿಸ್ ಎನ್ನುವುದೇ ವಾಡಿಕೆ) ಕೇಳಿದ್ದು ಒಂದೇ: ‘ಕೆಪಾಸಿಟರ್ ತನ್ನ ಮೈಮೇಲೆ ಬರೆದಷ್ಟೇ ಇರಬೇಕೆಂದು ನಿನಗೆ ಯಾರು ಹೇಳಿದರು?’

ಅಂಥ ಕೆಪಾಸಿಟರುಗಳಿಗೆ ತಯಾರಕರು ಶೇ. 20ರಷ್ಟು ಹೆಚ್ಚುಕಡಿಮೆ ಸಹಜವೆಂದು ಹೇಳಿರುತ್ತಾರೆ. ರೋಧಕಕ್ಕೂ ಶೇ. 5. ಸಾಲದ್ದಕ್ಕೆ ನಮ್ಮ ಡಿಜಿಟಲ್ ಮೀಟರಿನ ರೋಧ 10 ಮೆಗಾ ಓಮ್. ಅದು ಸಮಾಂತರವಾಗಿ ಸೇರಿ 100 ಕಿಲೋ ಓಮ್ ಅನ್ನು 99ಕ್ಕೆ ಇಳಿಸಿತ್ತು. ಇಷ್ಟನ್ನೂ ಬರೆದು, ನಮ್ಮ ಉತ್ತರ ಆ ಮಿತಿಯೊಳಗೇ ಇದೆ ಎಂದು ತೋರಿಸಿದ್ದಕ್ಕೆ ಸಿಕ್ಕ ಮೆಚ್ಚುಗೆ, 47 ಎಂದು ತಿದ್ದಿ ಬರೆದಿದ್ದರೆ ಖಂಡಿತ ಸಿಗುತ್ತಿರಲಿಲ್ಲ.

ಅಳತೆಯಲ್ಲಿನ ಅನಿಶ್ಚಿತತೆಯ ಲೆಕ್ಕವನ್ನು ಮಕ್ಕಳು ಬೇಸರದ ಕೆಲಸ ಎನ್ನುತ್ತಾರೆ. ನನಗೆ ಅದು ಜಾಣತನದ ಕೆಲಸವಾಗಿ ಕಂಡಿತು. ತಂತಿಯ ರೋಧಶೀಲತೆ ಅಳೆಯುವಾಗ ಉದ್ದ 80.0 ಸೆಂ.ಮೀ., ಅದರಲ್ಲಿ 2 ಮಿ.ಮೀ. ಆಚೀಚೆ ಆದರೂ ಶೇ. 0.25 ಅಷ್ಟೇ. ವ್ಯಾಸ 0.38 ಮಿ.ಮೀ.; ಮೈಕ್ರೋಮೀಟರಿನಲ್ಲಿ 0.01 ಆಚೀಚೆ ಆದರೆ ಶೇ. 2.6. ವಿಸ್ತೀರ್ಣಕ್ಕೆ ವ್ಯಾಸದ ವರ್ಗ ಬೇಕಾದ್ದರಿಂದ ಅದು ಇಮ್ಮಡಿಯಾಗಿ ಶೇ. 5 ದಾಟುತ್ತದೆ. ಹಾಗಿದ್ದ ಮೇಲೆ ಸ್ಕೇಲಿನ ಮೇಲೆ ಬಗ್ಗಿ ಕಣ್ಣು ಕಿರಿದು ಮಾಡಿಕೊಂಡು ಹೊತ್ತು ಕಳೆಯುವುದೇಕೆ? ತಂತಿಯನ್ನು ಬೇರೆ ಬೇರೆ ಕಡೆ, ಬೇರೆ ಬೇರೆ ದಿಕ್ಕಿನಲ್ಲಿ ಮೈಕ್ರೋಮೀಟರಿಗೆ ಸಿಕ್ಕಿಸಿ ಸರಾಸರಿ ತೆಗೆಯಬೇಕು. ‘ಈ ಪ್ರಯೋಗವನ್ನು ಹೇಗೆ ಉತ್ತಮಪಡಿಸುವಿರಿ’ ಎಂಬ ಪ್ರಶ್ನೆಗೆ ‘ಇನ್ನಷ್ಟು ಎಚ್ಚರದಿಂದ ಅಳೆಯುತ್ತೇನೆ’ ಎಂದು ಬರೆಯುವವರಿಗೂ ಹೀಗೆ ಬರೆಯುವವರಿಗೂ ಇರುವ ಅಂತರವೇ ಗ್ರೇಡಿನ ಅಂತರ.

ಪೋಷಕರಿಗೆ ಒಂದು ಮಾತು ಹೇಳಲೇಬೇಕು. ಪರೀಕ್ಷೆಯೆಲ್ಲ ಎರಡನೆಯ ವರ್ಷದ ಕೊನೆಗೆ, ಮೇ-ಜೂನ್‌ನಲ್ಲಿ ಒಟ್ಟಿಗೆ. 2015ರಲ್ಲಿ ಶುರುವಾದ ಹೊಸ ಪಠ್ಯಕ್ರಮದಿಂದ ಈ ಪದ್ಧತಿ. ಅದಕ್ಕೇ ಮೊದಲ ವರ್ಷ ಆರಾಮವೆಂದು ಅನೇಕರು ತಿಳಿಯುತ್ತಾರೆ. ಆದರೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹೋಗುವುದು ಎರಡನೆಯ ವರ್ಷದ ಅಕ್ಟೋಬರಿನಿಂದ ಜನವರಿಯೊಳಗೆ, ಶಿಕ್ಷಕರು ಅಂದಾಜು ಮಾಡಿ ಕೊಡುವ ಗ್ರೇಡಿನ ಬಲದ ಮೇಲೆ. ಆ ಅಂದಾಜಿಗೆ ಆಧಾರ ಬಹುಪಾಲು ಮೊದಲ ವರ್ಷದ ಕೊನೆಯಲ್ಲಿ ಕಾಲೇಜೇ ನಡೆಸುವ ಪರೀಕ್ಷೆ. ಇನ್ನು ಶೇ. 70 ಎಂದು ಕೇಳಿ ಮನೆಯಲ್ಲಿ ಮುಖ ಸಣ್ಣದು ಮಾಡಿಕೊಳ್ಳುವುದು ಬೇಡ. ಊರಿನ 95ರ ಕಣ್ಣಿನಿಂದ ಇಲ್ಲಿನ ಪತ್ರಿಕೆಯನ್ನು ನೋಡಲಾಗದು. 70 ಮುಟ್ಟದವರಿಗೂ ಎ ಗ್ರೇಡ್ ಬಂದ ವರ್ಷಗಳಿವೆ.

ಪತ್ರಿಕೆಗಳು ಮೂರು, ತಲಾ ಎರಡು ಗಂಟೆ. ಮೊದಲ ಪತ್ರಿಕೆಯಲ್ಲಿ ಎಡವುವ ಜಾಗವೊಂದಿದೆ: ವಕ್ರೀಭವನದ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿರಬೇಕು, ಸರಳ ಸಂಗತ ಚಲನೆಗೆ ರೇಡಿಯನ್‌ನಲ್ಲಿ, ಎರಡೂ ಅದೇ ಪತ್ರಿಕೆಯಲ್ಲಿ ಬರುತ್ತವೆ. ಸೈನ್ ಒತ್ತುವ ಮುನ್ನ ಪರದೆಯ ಮೇಲಿನ ಪುಟ್ಟ ಅಕ್ಷರವನ್ನು ನೋಡುವುದನ್ನು ನಾನು ಮನೆಯ ಅಭ್ಯಾಸದಲ್ಲೇ ರೂಢಿಸಿಕೊಂಡಿದ್ದೆ. ಮೂರನೆಯ ಪತ್ರಿಕೆಯಲ್ಲಿ 45 ಅಂಕ ಪ್ರಯೋಗ ಮತ್ತು ದತ್ತಾಂಶದ್ದು, 35 ಅಂಕ ಐಚ್ಛಿಕ ಭಾಗದ್ದು. ಖಗೋಳ, ವೈದ್ಯಕೀಯ, ಎಂಜಿನಿಯರಿಂಗ್, ಎಲೆಕ್ಟ್ರಾನಿಕ್ಸ್, ಭೌತಶಾಸ್ತ್ರದ ತಿರುವುಗಳು ಎಂದು ಐದು ಆಯ್ಕೆ. ಆಯ್ಕೆ ವಿದ್ಯಾರ್ಥಿಯದ್ದೆಂದು ಕಾಗದದಲ್ಲಿ ಓದಿದರೆ ಅನಿಸುತ್ತದೆ. ನಡೆಯುವುದು ಪಾಠ ಮಾಡುವವರು ಆರಿಸಿದ್ದು. ನಮಗೆ ಬಂದದ್ದು ತಿರುವುಗಳು. ಥಾಮ್ಸನ್, ಮಿಲಿಕನ್, ಮೈಕೆಲ್ಸನ್-ಮಾರ್ಲಿ, ಐನ್‌ಸ್ಟೈನ್. ಎಣ್ಣೆಯ ಹನಿಯೊಂದನ್ನು ಎರಡು ಫಲಕಗಳ ನಡುವೆ ತಡೆದು ನಿಲ್ಲಿಸಿ ಎಲೆಕ್ಟ್ರಾನಿನ ಆವೇಶವನ್ನು ಮಿಲಿಕನ್ ಲೆಕ್ಕ ಹಾಕಿದ ಕಥೆ ಇಡೀ ಕೋರ್ಸಿನಲ್ಲಿ ನನಗೆ ಹಿಡಿಸಿದ ಭಾಗ. ನಾನೇ ಆರಿಸುವಂತಿದ್ದರೆ ಖಗೋಳ ಬರೆದು ಇದನ್ನು ಕಳೆದುಕೊಳ್ಳುತ್ತಿದ್ದೆ.

ಈಗ ತಮ್ಮನ ಸರದಿ. ನನ್ನ ಟಿಪ್ಪಣಿಗಳನ್ನೆಲ್ಲ ಬಾಚಿಕೊಂಡು ಹೋದವನು ಎರಡೇ ದಿನದಲ್ಲಿ ಅರ್ಧವನ್ನು ವಾಪಸು ತಂದಿಟ್ಟ. ಅವನ ಕಾಲೇಜು ಒಸಿಆರ್ ಬೋರ್ಡಿನದು. ಅವನ ಪತ್ರಿಕೆಗಳು 100, 100, 70 ಅಂಕಗಳದ್ದು, ಐಚ್ಛಿಕ ಭಾಗವೇ ಇಲ್ಲ. ಮಿಲಿಕನ್ ಅವನಿಗೆ ಬೇಡ. ನಿನ್ನ ಬೋರ್ಡಿನ ಪಠ್ಯಕ್ರಮದ ಪಟ್ಟಿಯನ್ನು ಮೊದಲು ಇಳಿಸಿಕೊಂಡು ಓದು, ಆಮೇಲೆ ನನ್ನ ಕಪಾಟಿಗೆ ಕೈ ಹಾಕು ಎಂದೆ. ಪರೀಕ್ಷಕರ ವರದಿಗಳನ್ನು ಮಾತ್ರ ಅವನಾಗಿಯೇ ಹುಡುಕಿಕೊಂಡಿದ್ದಾನೆ, ಮತ್ತು ನನ್ನ ಕ್ಯಾಲ್ಕುಲೇಟರನ್ನು ಇನ್ನೂ ಹಿಂದಿರುಗಿಸಿಲ್ಲ.