ಗೀಸರ್ ಕಾಯಿಲ್ ಬದಲಿಸುವ ಮುಂಚೆ

ನಮ್ಮದು 15 ಲೀಟರಿನ, 2000 ವ್ಯಾಟಿನ ಗೀಸರ್. ಬೆಂಗಳೂರಿನ ಎಷ್ಟೋ ಮನೆಗಳ ಹಾಗೆ ಇಲ್ಲೂ ಕಾವೇರಿ ನೀರು, ಬೋರ್‌ವೆಲ್ ನೀರು ಎರಡೂ ಒಂದೇ ಟ್ಯಾಂಕಿಗೆ ಬೀಳುತ್ತವೆ. ಹೀಟಿಂಗ್ ದೀಪ ಉರಿಯುತ್ತಿತ್ತು, ನೀರು ಮಾತ್ರ ತಣ್ಣಗೆ. ದೀಪ ಉರಿದಿದೆ ಎಂದರೆ ಬಿಸಿ ಸಾಕಾದಾಗ ನಿಲ್ಲಿಸುವ ಥರ್ಮೋಸ್ಟಾಟ್, ಅತಿಯಾದರೆ ಕರೆಂಟ್ ಕಡಿಯುವ ಕಟೌಟ್ ಎರಡನ್ನೂ ದಾಟಿ ಕರೆಂಟ್ ಬಂದಿದೆ. ಅನುಮಾನ ನೀರು ಕಾಯಿಸುವ ಕಾಯಿಲ್ ಮೇಲೆ. ದೀಪವೂ ಇಲ್ಲದಿದ್ದರೆ ಮೊದಲು ಕಟೌಟಿನ ಗುಂಡಿ ಒತ್ತಿ ನೋಡಬೇಕು. ಅದು ಮತ್ತೆ ಮತ್ತೆ ಹಾರಿದರೆ ಒತ್ತುತ್ತಾ ಕೂರಬಾರದು, ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು.

ಎಂಸಿಬಿ ಇಳಿಸಿದೆ. ಗೋಡೆಯ ಸ್ವಿಚ್ಚನ್ನು ನಂಬುವ ಹಾಗಿಲ್ಲ, ಅದು ಫೇಸ್ ಬಿಟ್ಟು ನ್ಯೂಟ್ರಲ್ಲಿನಲ್ಲಿ ಕೂತಿರುವ ಮನೆಗಳೂ ಇವೆ; ಅಲ್ಲಿ ಆರಿಸಿದರೂ ಗೀಸರಿನಲ್ಲಿ ಕರೆಂಟ್ ಇರುತ್ತದೆ. ಕೆಳಗಿನ ಮುಚ್ಚಳ ತೆಗೆದು, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು, ಕಾಯಿಲ್‌ನ ಎರಡೂ ವೈರ್ ಕಳಚಿದೆ. ಮಲ್ಟಿಮೀಟರ್ 200 ಓಮ್ ರೇಂಜಿನಲ್ಲಿ. 230 ವೋಲ್ಟಿಗೆ 2000 ವ್ಯಾಟ್ ಕಾಯಿಲ್ 26 ಓಮ್ ಆಸುಪಾಸು ತೋರಿಸಬೇಕು, 3000 ವ್ಯಾಟಿನದು 17ರಿಂದ 18. ಮೀಟರ್ ಏನೂ ತೋರಿಸದೆ ನಿಂತರೆ ಕಾಯಿಲ್ ಕಡಿದಿದೆ. ನಮ್ಮದು ಹಾಗೇ ಆಗಿತ್ತು.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ಹಾರುವ ಸ್ವಿಚ್) ಹಾರುವ ತೊಂದರೆಗೆ ಪರೀಕ್ಷೆ ಬೇರೆ: ಕಾಯಿಲ್ ತುದಿಗೂ ಗೀಸರಿನ ಲೋಹಕ್ಕೂ ನಡುವೆ ದೊಡ್ಡ ಮೆಗಾಓಮ್ ರೇಂಜಿನಲ್ಲೂ ಅಂಕಿ ಬರಬಾರದು. ಬಿಸಿಯಾದಾಗ ಮಾತ್ರ ಕರೆಂಟ್ ಸೋರುವ ಕಾಯಿಲ್ ಮೀಟರಿಗೆ ಸಿಗದೆಯೂ ಹೋಗಬಹುದು. ಆಗ ಕಳಚಿದ ವೈರುಗಳ ತುದಿಗೆ ಟೇಪ್ ಸುತ್ತಿ ಮುಚ್ಚಳ ಹಾಕಿ ಕರೆಂಟ್ ಕೊಡಿ; ಈಗ ಹಾರದಿದ್ದರೆ ತಪ್ಪು ಕಾಯಿಲಿನದೇ. ಅರ್ಥಿಂಗ್ ವೈರ್ ಕಿತ್ತು 'ಸರಿ' ಮಾಡಿಕೊಡುವವರನ್ನು ಮನೆಯೊಳಗೆ ಬಿಡಬೇಡಿ.

ನೀರು ಖಾಲಿ ಮಾಡಲು ಒಳಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ತಣ್ಣೀರಿನ ಪೈಪ್ ಬಿಚ್ಚಬೇಕು. ನಲ್ಲಿ ತೆರೆಯದಿದ್ದರೆ ಗಾಳಿ ಒಳಗೆ ಹೋಗದು, ನೀರೂ ಇಳಿಯದು. ಕಾಯಿಲ್ ಕೂತಿರುವ ಲೋಹದ ತಟ್ಟೆ, ಅಂದರೆ ಫ್ಲ್ಯಾಂಜ್ ಇಳಿಸಿದಾಗ ಕಾಯಿಲ್ ಮೈತುಂಬ ಬಿಳಿ ಸುಣ್ಣ, ತಾಮ್ರ ಕಾಣದಷ್ಟು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಪಾಡುವ ಮೆಗ್ನೀಸಿಯಂ ರಾಡ್ ಸವೆದು ಒಳಗಿನ ಕಂಬಿ ಉಳಿದಿತ್ತು. ಸುಣ್ಣದಿಂದ ಕರೆಂಟ್ ಬಿಲ್ ಏರುತ್ತದೆ ಎನ್ನುವುದು ಅಷ್ಟೇನೂ ನಿಜವಲ್ಲ, ಶಾಖಕ್ಕೆ ನೀರು ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಪದರದ ಕೆಳಗೆ ಶಾಖ ತಡೆದು ಕಾಯಿಲ್ ಒಳಗೊಳಗೇ ಸುಡುತ್ತದೆ. ಓಮ್ ಸರಿಯಿದ್ದು ಸುಣ್ಣ ಮಾತ್ರ ಕಟ್ಟಿದ್ದರೆ, ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ವೈರಿನ ತುದಿ ನೆನೆಯದಂತೆ ಮುಳುಗಿಸಿಡಿ. ಗುಳ್ಳೆ ನಿಂತ ಮೇಲೆ ತೊಳೆಯಿರಿ. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ತಾಮ್ರ ತೂತಾಗುತ್ತದೆ.

ಹೊಸ ಕಾಯಿಲಿಗೆ ಹಳೆಯದನ್ನೇ ಎಸ್‌ಜೆಪಿ ರಸ್ತೆಯ ಅಂಗಡಿಗಳಿಗೆ ಒಯ್ಯುವುದು ಸುಲಭ. ವ್ಯಾಟ್ ಜೊತೆಗೆ ಫ್ಲ್ಯಾಂಜಿನ ತೂತುಗಳೂ ಉದ್ದವೂ ಹೊಂದಬೇಕು. ಗ್ಯಾಸ್ಕೆಟ್ ಮತ್ತು ರಾಡ್ ಜೊತೆಯಲ್ಲೇ ಕೊಳ್ಳಿ, ಹೇಗೂ ಬಿಚ್ಚಿದ್ದೇವೆ. ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಬೇಕು, ಒಂದೇ ಕಡೆ ಬಿಗಿದರೆ ಸೋರುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಸಿಡಿಯುವುದು ನಿಂತು ನೀರು ಒಂದೇ ಧಾರೆಯಾಗಿ ಬರುವ ತನಕ ಸ್ವಿಚ್ ಮುಟ್ಟಬಾರದು. ಒಣಗೀಸರಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಅಲ್ಲೇ ಹೋಯಿತು.

ವೋಲ್ಟೇಜ್ ಸರಿಯಿದ್ದರೆ 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು 18 ನಿಮಿಷ ಸಾಕು. ನೀರು ಬಿಸಿಯಾಗುವಾಗ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕಿದರೆ ಗಾಬರಿ ಬೇಡ, ಹಿಗ್ಗಿದ ನೀರು ಅದು. ತಣ್ಣಗಿರುವಾಗಲೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ. ಅದರ ಬಾಯಿಗೆ ಬಿರಡೆ ಹಾಕಬೇಡಿ.