ಸೈನ್ಸ್ ಫಿಕ್ಷನ್ ಯುದ್ಧದಾಟದ ಗೊಂಬೆಗಳಿಗೆ ಭಾರಿ ಆಯುಧ ರೂಪಿಸುವ ಬಗೆ

ಮೇಜಿನ ಮೇಲೆ ಆಡುವ ಸೈನ್ಸ್ ಫಿಕ್ಷನ್ ಯುದ್ಧದಾಟಗಳಲ್ಲಿ ಒಂದು ತುಕಡಿಯ ಒಬ್ಬಿಬ್ಬರ ಕೈಯಲ್ಲಿ ಮಾತ್ರ ಭಾರಿ ಆಯುಧವಿರುವುದು ಸಾಮಾನ್ಯ, ಎದುರಾಳಿಯ ಕಣ್ಣು ಮೊದಲು ಹುಡುಕುವುದೂ ಅವರನ್ನೇ. ಅಂಥ ಆಯುಧವನ್ನು ಸ್ವಂತವಾಗಿ ತಯಾರಿಸುವವರು ಅಲಂಕಾರಕ್ಕೆ ಕೈಹಾಕುವ ಮೊದಲು ಮೂರು ವಿಷಯಗಳನ್ನು ನಿಶ್ಚಯಿಸಿಕೊಳ್ಳಬೇಕು: ಮದ್ದುಗುಂಡು ಅಥವಾ ವಿದ್ಯುತ್ತು ಎಲ್ಲಿಂದ ಬರುತ್ತದೆ, ಹುಟ್ಟಿದ ಶಾಖ ಎಲ್ಲಿಗೆ ಹೋಗುತ್ತದೆ, ಹಾರಿಸಿದಾಗಿನ ಒದೆತವನ್ನು ಯಾವುದು ತಾಳಿಕೊಳ್ಳುತ್ತದೆ. ಆಯುಧ ಕಾಲ್ಪನಿಕವೇ ಆದರೂ ಈ ಮೂರಕ್ಕೂ ಕಣ್ಣಿಗೆ ಕಾಣುವ ಉತ್ತರವಿದ್ದರೆ ನೋಡುವವರು ಅದನ್ನು ಒಪ್ಪುತ್ತಾರೆ. ಇಲ್ಲದಿದ್ದರೆ ಎಷ್ಟು ಪೈಪು, ರಿವೆಟ್ಟುಗಳನ್ನು ಅಂಟಿಸಿದರೂ ಅದು ಗುಜರಿಯ ಗುಡ್ಡೆಯಂತೆಯೇ ತೋರುತ್ತದೆ.

ಮೊದಲ ಕೆಲಸ ಅಳತೆಯದು. 28 ಮಿ.ಮೀ. ಗೊಂಬೆಗಳನ್ನು ಸ್ಥೂಲವಾಗಿ 1/56 ಪ್ರಮಾಣದವೆಂದು ಲೆಕ್ಕ ಹಾಕಬಹುದು. ಸುಮಾರು 1.65 ಮೀಟರ್ ಉದ್ದದ, 12.7 ಮಿ.ಮೀ. ಗುಂಡಿನ ಬ್ರೌನಿಂಗ್ ಎಂ2 ಮೆಷಿನ್ ಗನ್ ಈ ಪ್ರಮಾಣದಲ್ಲಿ 29 ಮಿ.ಮೀ.ಗೂ ತುಸು ಹೆಚ್ಚು ಉದ್ದ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಗೊಂಬೆಯ ಎತ್ತರದಷ್ಟೇ. ಆದರೆ ಅದರ ನಳಿಗೆಯ ತೂತು ಕಾಲು ಮಿಲಿಮೀಟರಿಗಿಂತಲೂ ಕಿರಿದಾಗಿ, ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಉದ್ದವನ್ನು ತುಸು ಮೊಟಕುಗೊಳಿಸಿ, ದಪ್ಪವನ್ನು ಧಾರಾಳವಾಗಿ ಹೆಚ್ಚಿಸುವುದೇ ಸರಿಯಾದ ದಾರಿ. ಹೀರೋಯಿಕ್ ಶೈಲಿಯ ಗೊಂಬೆಗಳಲ್ಲಿ ತಲೆ, ಕೈ, ಆಯುಧಗಳು ದೊಡ್ಡದಾಗಿರುವುದರಿಂದ ಇದು ಅಸಹಜವಾಗಿ ಕಾಣುವುದೂ ಇಲ್ಲ. ವಾರ್‌ಹ್ಯಾಮರ್ 40,000 ಆಟದ ಹೆವಿ ಬೋಲ್ಟರ್ ಎಂಬ ಭಾರಿ ಗನ್ನನ್ನು ಅದರ ಮೋಟು ನಳಿಗೆಯಿಂದಲೂ ಲಾಸ್‌ಕ್ಯಾನನ್ ಎಂಬ ಲೇಸರ್ ತೋಪನ್ನು ಅದರ ನೀಳ ನಳಿಗೆಯಿಂದಲೂ ಮೇಜಿನ ಆಚೆ ಬದಿಯಿಂದಲೇ ಗುರುತಿಸಬಹುದು. ನಿಮ್ಮ ವಿನ್ಯಾಸವನ್ನೂ ಕಾಗದದ ಮೇಲೆ ಪೂರ್ತಿ ಕಪ್ಪು ತುಂಬಿದ ನೆರಳಿನಂತೆ ಬರೆದು ನೋಡಿ. ಯಾವ ಬಗೆಯ ಆಯುಧವೆಂಬುದು ಅಷ್ಟರಿಂದಲೇ ತಿಳಿಯದಿದ್ದರೆ ಪ್ಲಾಸ್ಟಿಕ್ ಕತ್ತರಿಸುವುದು ಬೇಡ.

ತಿರುಗುವ ಬಹುನಳಿಗೆಯ ಗನ್ ತಯಾರಿಸಲು ರೇಖಾಗಣಿತವೇ ನೆರವಿಗೆ ಬರುತ್ತದೆ. ಒಂದು ದುಂಡು ಕಡ್ಡಿಯ ಸುತ್ತ ಅದೇ ದಪ್ಪದ ಆರು ಕಡ್ಡಿಗಳು ಒಂದಕ್ಕೊಂದು ತಾಗಿಕೊಂಡು ಕರಾರುವಾಕ್ಕಾಗಿ ಕೂರುತ್ತವೆ, 1 ಮಿ.ಮೀ. ದಪ್ಪದ ಏಳು ಸ್ಟೈರೀನ್ (ಒಂದು ಬಗೆಯ ಪ್ಲಾಸ್ಟಿಕ್) ಕಡ್ಡಿಗಳಿಂದ 3 ಮಿ.ಮೀ. ದಪ್ಪದ ಕಟ್ಟು ಸಿಗುತ್ತದೆ. ನಡುವಿನ ಕಡ್ಡಿಯನ್ನು ಮುಂಭಾಗದಲ್ಲಿ ಎರಡು ಮಿಲಿಮೀಟರಿನಷ್ಟು ಮೊಟಕಾಗಿಸಿದರೆ ಅದು ನಳಿಗೆಯಲ್ಲ, ನಳಿಗೆಗಳು ಸುತ್ತುವ ಅಚ್ಚು ಎಂಬುದು ತಾನಾಗಿ ತೋರುತ್ತದೆ. ನಿಜವಾದ ಆರು ನಳಿಗೆಯ ಎಂ134 ಮಿನಿಗನ್ ವಿದ್ಯುತ್ ಮೋಟಾರಿನಿಂದ ತಿರುಗುವಂಥದ್ದು, ಹಾಗಾಗಿ ನಳಿಗೆಗಳ ಹಿಂದೆ ಮೋಟಾರಿನ ಡಬ್ಬಿ, ಅದಕ್ಕೊಂದು ಕೇಬಲ್ ಇರಲೇಬೇಕು. ಗುಂಡಿನ ಪಟ್ಟಿಯ ಅಗಲವೂ ಮನಸ್ಸಿಗೆ ಬಂದಂತೆ ಇರುವಂತಿಲ್ಲ: 12.7 ಮಿ.ಮೀ. ತೋಟಾ ಸುಮಾರು 138 ಮಿ.ಮೀ. ಉದ್ದವಿರುವುದರಿಂದ 1/56 ಪ್ರಮಾಣದಲ್ಲಿ ಪಟ್ಟಿ ಕನಿಷ್ಠ 2.5 ಮಿ.ಮೀ. ಅಗಲವಿರಲಿ, ಮತ್ತು ಅದು ಸೊಂಟದ ಅಥವಾ ಬೆನ್ನಿನ ಪೆಟ್ಟಿಗೆಯಿಂದ ಹೊರಟು, ಮೊಣಕೈಗೆ ತಗುಲದಂತೆ ಬಾಗಿ, ಗನ್ನಿನ ಒಡಲನ್ನು ಸೇರಲಿ. ಎತ್ತಲಿಂದಲೋ ಬಂದು ಗಾಳಿಯಲ್ಲಿ ಮುಗಿದುಹೋಗುವ ಪಟ್ಟಿಗಳನ್ನು ಎಷ್ಟೋ ಒಳ್ಳೆಯ ಗೊಂಬೆಗಳಲ್ಲೂ ಕಾಣುತ್ತೇವೆ.

ಭುಜದ ಮೇಲಿಟ್ಟು ಹಾರಿಸುವ ರಾಕೆಟ್ ಕೊಳವೆಯ ಹಿಂಬದಿ ತೆರೆದಿರಬೇಕು. ಉರಿಗಾಳಿ ಅಲ್ಲಿಂದಲೇ ನುಗ್ಗುವುದರಿಂದ ಆ ನೇರದಲ್ಲಿ ಸೈನಿಕನ ಬೆನ್ನುಚೀಲ ಬರಕೂಡದು.

ಲೇಸರಿನಂಥ ಆಯುಧದ ಲೆಕ್ಕವೇ ಬೇರೆ. ಬೆಳಕಿನ ಒದೆತ ಗಣನೆಗೆ ಬಾರದಷ್ಟು ಅಲ್ಪವಾದ್ದರಿಂದ ಸ್ಪ್ರಿಂಗು, ಮುಂಬದಿಯ ಒದೆತತಡೆಗಳು ಇಲ್ಲಿ ಅನವಶ್ಯಕ, ಆದರೆ ವ್ಯರ್ಥವಾಗುವ ಶಕ್ತಿ ಶಾಖವಾಗಿ ಉಳಿಯುವುದರಿಂದ ತಂಪಾಗಿಸುವ ರೆಕ್ಕೆಗಳು ಬೇಕೇ ಬೇಕು. ಇವನ್ನು 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ, ಅಷ್ಟೇ ಅಂತರ ಬಿಟ್ಟು ಜೋಡಿಸಬಹುದು. ಕಿರಣ ದೂರಕ್ಕೆ ಹರಡದೆ ಸಾಗಲು ಅಗಲವಾದ ಲೆನ್ಸ್ ಸಹಾಯಕವಾದ್ದರಿಂದ ಆಯುಧದ ಬಾಯಿಯನ್ನು ದೊಡ್ಡದಾಗಿಯೇ ಮಾಡಿ, ಆಳವಾಗಿ ಕೊರೆಯದೆ ತೆಳುವಾದ ಗುಳಿಯಷ್ಟೇ ತೆಗೆಯಿರಿ. ದಪ್ಪ ಕೇಬಲ್ಲಿಗೆ ಗಿಟಾರಿನ ಸುತ್ತುತಂತಿಗಿಂತ ಒಳ್ಳೆಯ ಸಾಮಗ್ರಿ ನನಗೆ ತಿಳಿದಿಲ್ಲ.

ಗುಂಡು ಹಾರಿಸುವ ನಳಿಗೆಯನ್ನು ಮಾತ್ರ ಕೊರೆಯಲೇಬೇಕು. ಸೂಜಿಯಿಂದ ನಡುಬಿಂದು ಗುರುತಿಸಿ, ಕೈಯಿಂದ ತಿರುಗಿಸುವ ಡ್ರಿಲ್ಲಿನಲ್ಲಿ ಮೊದಲು 0.5, ಆಮೇಲೆ ದಪ್ಪ ನಳಿಗೆಯಾದರೆ 1 ಮಿ.ಮೀ. ಮೊನೆ ಬಳಸಬೇಕು, ವೇಗವಾಗಿ ತಿರುಗುವ ಯಂತ್ರದಿಂದ ಪ್ಲಾಸ್ಟಿಕ್ ಕರಗಿ ತೂತು ಕೆಡುತ್ತದೆ. ಸ್ಟೈರೀನಿಗೆ ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು, ರೆಸಿನ್ ಮತ್ತು ಲೋಹಕ್ಕೆ ಸೂಪರ್ ಗ್ಲೂ ಒಪ್ಪುತ್ತದೆ, ಆದರೆ ಉದ್ದನೆಯ ಲೋಹದ ಆಯುಧ ಬರಿಯ ಅಂಟಿನಿಂದ ನಿಲ್ಲದು, ಒಳಗೊಂದು ಹಿತ್ತಾಳೆ ತಂತಿ ತೂರಿಸಬೇಕು. ಆಟದಿಂದಾಟಕ್ಕೆ ಆಯುಧ ಬದಲಿಸುವ ಇಚ್ಛೆಯಿದ್ದರೆ ಭುಜದಲ್ಲೂ ತೋಳಲ್ಲೂ 3 ಮಿ.ಮೀ. ಅಗಲದ ಆಯಸ್ಕಾಂತಗಳನ್ನು ಕೂರಿಸಿ; ಅಂಟು ಹಾಕುವ ಮೊದಲು ಪರಸ್ಪರ ಸೆಳೆಯುವ ಮುಖಗಳನ್ನು ಮಾರ್ಕರಿನಿಂದ ಗುರುತಿಸಿಕೊಳ್ಳುವುದು ಕಡ್ಡಾಯ. ಗೊಂಬೆಯ ನಿಲುವೂ ಭಾರವನ್ನು ಒಪ್ಪಿಕೊಳ್ಳಬೇಕು: ಕಾಲುಗಳು ಅಗಲವಾಗಿರಲಿ, ಸೊಂಟ ತುಸು ಹಿಂದಕ್ಕೆ ವಾಲಿರಲಿ. ಆಮೇಲೂ ಗೊಂಬೆ ಮುಗ್ಗರಿಸುವುದಾದರೆ ತಳದ ಅಡಿಗೆ ಕಬ್ಬಿಣದ ವಾಷರ್ ಅಂಟಿಸಿ.

ಬಣ್ಣದಲ್ಲಿ ಶಾಖದ ಕುರುಹು ತೋರಿಸುವಾಗ ಕ್ರಮ ತಪ್ಪಬಾರದು. ಕಾದ ಉಕ್ಕಿನ ಮೇಲೆ ಕಡಿಮೆ ಶಾಖಕ್ಕೆ ಒಣಹುಲ್ಲಿನ ಹಳದಿ, ಅದಕ್ಕಿಂತ ಹೆಚ್ಚಿನದಕ್ಕೆ ನೇರಳೆ, ಇನ್ನೂ ಹೆಚ್ಚಿನದಕ್ಕೆ ನೀಲಿ ಮೂಡುವುದರಿಂದ, ತುದಿಯೇ ಹೆಚ್ಚು ಕಾಯುವ ನಳಿಗೆಯಾದರೆ ತುದಿಯಲ್ಲಿ ನೀಲಿ, ಒಡಲಿನ ಕಡೆಗೆ ಹಳದಿ ಬರಬೇಕು. ಕೊನೆಗೆ ಇಡೀ ಗೊಂಬೆಗೆ ಮ್ಯಾಟ್ ವಾರ್ನಿಷ್ ಬಳಿದು, ಅದು ಪೂರ್ತಿ ಒಣಗಿದ ನಂತರವೇ ಲೆನ್ಸಿನ ಗುಳಿಗೆ ಹೊಳಪಿನ ವಾರ್ನಿಷ್ ಹನಿಸಿ. ಮೊದಲೇ ಹನಿಸಿದರೆ ಮ್ಯಾಟ್ ಪದರ ಅದರ ಹೊಳಪನ್ನು ಮಂಕಾಗಿಸುತ್ತದೆ.