ನಿಂತದ್ದು ಒಂದು, ನಿಲ್ಲಿಸಿದ್ದು ಇನ್ನೊಂದು

ರಾಯಚೂರಿನ ತೀನ್ ಕಂದೀಲ್ ಸಮೀಪದ ಗಲ್ಲಿಯೊಂದರಲ್ಲಿ ನಾನು ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತೇನೆ. 2022ರ ಡಿಸೆಂಬರಿನಲ್ಲಿ, ಗಂಜ್‌ಗೆ (ಕೃಷಿ ಮಾರುಕಟ್ಟೆಗೆ) ಹತ್ತಿಯ ಆವಕ ಜೋರಾಗಿದ್ದ ದಿನಗಳಲ್ಲಿ, ಅಲ್ಲಿನ ದಲಾಲಿ ಅಂಗಡಿಯೊಂದರ ಹಿರಿಯ ಗುಮಾಸ್ತರು ತಮ್ಮ ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಆಂಡ್ರಾಯ್ಡ್ 4.4 ಇದ್ದ, ಎಂಟು ವರ್ಷ ಹಳೆಯದಾದ, 4 ಜಿಬಿ ಒಳಮೆಮೊರಿಯ ಫೋನ್ ಅದು. "ಏನೋ ನಿಂತದ ಅಂತ ಬರ್ತದ ತಮ್ಮಾ. ಓಕೆ ಒತ್ತಿದ್ರ ಹೋಗ್ತದ, ಮತ್ತ ಬರ್ತದ. ರೈತರ ನಂಬರ್ ಹುಡುಕಾಕ ಬಿಡವಲ್ದು" ಎಂದರು. ಅವರು ನನಗಿಂತ ಮೊದಲು ಬೇರೊಂದು ಅಂಗಡಿಗೆ ಹೋಗಿದ್ದರು. ಅಲ್ಲಿ ಫ್ಯಾಕ್ಟರಿ ರಿಸೆಟ್, ಅಂದರೆ ಎಲ್ಲವನ್ನೂ ಅಳಿಸಿ ಫೋನನ್ನು ಹೊಸದರಂತೆ ಮಾಡುವುದು, ಒಂದೇ ದಾರಿ ಎಂದು ಹೇಳಿದಾಗ, ನಂಬರುಗಳೆಲ್ಲ ಹೋಗುತ್ತವೆಂಬ ಭಯದಿಂದ ಫೋನನ್ನು ಕಸಿದುಕೊಂಡಂತೆ ವಾಪಸು ತಂದಿದ್ದರು. ಆ ಭಯ ಸರಿಯಾದದ್ದೇ ಆಗಿತ್ತು. ಫೋನಿನಲ್ಲಿದ್ದ ಗೂಗಲ್ ಖಾತೆಯನ್ನು ಫೋನ್ ಕೊಳ್ಳುವಾಗ ಅಂಗಡಿಯ ಹುಡುಗ ಯಾರೋ ಮಾಡಿಕೊಟ್ಟಿದ್ದು, ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಹೆಸರುಗಳೆಲ್ಲ ಫೋನಿನ ಹೊಟ್ಟೆಯಲ್ಲಿ ಮಾತ್ರ ಇದ್ದವು.

ಪರದೆಯ ಮೇಲೆ ಬರುತ್ತಿದ್ದ ಸಂದೇಶ ಇಂಗ್ಲಿಷಿನಲ್ಲಿತ್ತು: 'ಅನ್‌ಫಾರ್ಚುನೇಟ್ಲಿ, ದ ಪ್ರೊಸೆಸ್ ಆಂಡ್ರಾಯ್ಡ್ ಡಾಟ್ ಪ್ರೊಸೆಸ್ ಡಾಟ್ ಅಕೋರ್ ಹ್ಯಾಸ್ ಸ್ಟಾಪ್ಡ್'. ಇಂಥ ಸಂದೇಶ ಕಂಡ ಕೂಡಲೇ ಓಕೆ ಒತ್ತಿ ದೂಡಿಬಿಡುವ ಚಟ ಗಿರಾಕಿಗಳಿಗಷ್ಟೇ ಅಲ್ಲ, ರಿಪೇರಿ ಮಾಡುವವರಿಗೂ ಇದೆ. ನಾನು ಅದನ್ನು ಅಕ್ಷರ ಬಿಡದೆ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಏಕೆಂದರೆ ಅದರಲ್ಲಿರುವ ಹೆಸರೇ ಮೊದಲ ಸುಳಿವು. ತೆರೆಮರೆಯಲ್ಲಿ ಓಡುವ ಅಕೋರ್ ಎಂಬ ಈ ಪ್ರೊಸೆಸ್ಸಿನೊಳಗೆ ಹೆಸರು ಮತ್ತು ನಂಬರುಗಳ ಉಗ್ರಾಣ ಕೆಲಸ ಮಾಡುತ್ತದೆ. ನಾವು ಬೆರಳಿಟ್ಟು ತೆರೆಯುವ ಕಾಂಟ್ಯಾಕ್ಟ್ಸ್ ಆ್ಯಪ್ ಕೇವಲ ಬಾಗಿಲು. ಹಿಂದಿನ ಕೋಣೆ ಬೇರೆ, ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಅದಕ್ಕೆ ಕಾಂಟ್ಯಾಕ್ಟ್ಸ್ ಸ್ಟೋರೇಜ್ ಎಂಬ ಬೇರೆಯದೇ ಹೆಸರಿರುತ್ತದೆ. ಹಿಂದಿನ ಅಂಗಡಿಯವರು ಬಾಗಿಲಿನ ಕ್ಯಾಶ್, ಅಂದರೆ ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳನ್ನು, ಒರೆಸಿದ್ದರು, ಅದರಿಂದ ಏನೂ ಆಗಿರಲಿಲ್ಲ. ಅವರು ಕಾಂಟ್ಯಾಕ್ಟ್ಸ್ ಸ್ಟೋರೇಜ್‌ಗೆ ಹೋಗಿ ಕ್ಲಿಯರ್ ಡೇಟಾ ಒತ್ತಿರಲಿಲ್ಲವೆಂಬುದು ಗುಮಾಸ್ತರ ಅದೃಷ್ಟ. ಒತ್ತಿದ್ದರೆ ಉಗ್ರಾಣವೇ ಬರಿದಾಗುತ್ತಿತ್ತು.

ಫೋನನ್ನು ಒಂದು ತಾಸು ಮೇಜಿನ ಮೇಲಿಟ್ಟುಕೊಂಡು, ಸಂದೇಶ ಯಾವಾಗ ಯಾವಾಗ ಬರುತ್ತದೆಂದು ಗಮನಿಸಿದೆ. ನಂಬರುಗಳ ಪಟ್ಟಿ ತೆರೆದರೆ ಬರುತ್ತಿತ್ತು. ಕರೆಯೊಂದು ಮುಗಿದ ಮೇಲೆ ಬರುತ್ತಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ನಾನು ನನ್ನ ಫೋನಿನಿಂದ ಮಾಡಿದ ಎರಡು ಕರೆಗಳು ಅವರ ಫೋನಿನ ಕರೆಗಳ ಪಟ್ಟಿಯಲ್ಲಿ ದಾಖಲಾಗಿರಲಿಲ್ಲ. ಆ ಕಾಲದ ಆಂಡ್ರಾಯ್ಡ್‌ನಲ್ಲಿ ಕರೆಗಳ ಪಟ್ಟಿಯೂ ಹೆಸರುಗಳ ಪಟ್ಟಿಯೂ ಒಂದೇ ಡೇಟಾಬೇಸಿನಲ್ಲಿ ಕೂಡುತ್ತಿದ್ದವು. ಹಳೆಯ ಹೆಸರುಗಳು ಕಾಣುತ್ತವೆ, ಹೊಸ ಕರೆ ಸೇರುವುದಿಲ್ಲ ಎಂದ ಮೇಲೆ ಓದಲು ತೊಡಕಿಲ್ಲ, ಬರೆಯಲು ತೊಡಕಿದೆ ಎಂದು ನನಗೆ ತೋರಿತು.

ಇಲ್ಲಿ ನಾನೂ ಒಮ್ಮೆ ದಾರಿ ತಪ್ಪಿದೆ. ಪವರ್ ಆಫ್ ಎಂಬ ಬರಹವನ್ನು ಒತ್ತಿ ಹಿಡಿದು ಫೋನನ್ನು ಸೇಫ್ ಮೋಡ್‌ನಲ್ಲಿ ತೆರೆದೆ. ಆ ಸ್ಥಿತಿಯಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ, ಫೋನಿನೊಂದಿಗೆ ಬಂದವು ಮಾತ್ರ ಓಡುತ್ತವೆ. ಆದ್ದರಿಂದ ಸಂದೇಶ ಅಲ್ಲಿ ನಿಂತರೆ ತಪ್ಪು ಹೊರಗಿನ ಆ್ಯಪ್‌ನದು ಎಂಬುದು ನಮ್ಮ ಕಸುಬಿನ ಲೆಕ್ಕ. ಸೇಫ್ ಮೋಡ್‌ನಲ್ಲಿಯೂ ಸಂದೇಶ ಬಂತು. ಹಾಗಾದರೆ ಸಿಸ್ಟಮ್ಮೇ ಕೆಟ್ಟಿದೆ ಎಂದುಕೊಂಡು ನಾನೂ ರಿಸೆಟ್ ಮಾತು ಆಡುವುದರಲ್ಲಿದ್ದೆ. ಓಡದೆ ಸುಮ್ಮನಿರುವ ಆ್ಯಪ್‌ನ ಫೈಲುಗಳು ಜಾಗ ಹಿಡಿದುಕೊಂಡೇ ಇರುತ್ತವೆಂಬುದು ಆಗ ಹೊಳೆಯಲಿಲ್ಲ.

ಊಹೆಯನ್ನು ಬಿಟ್ಟು ಲಾಗ್ (ಫೋನ್ ತನ್ನ ಕೆಲಸಗಳ ಬಗ್ಗೆ ತಾನೇ ಬರೆಯುವ ದಾಖಲೆ) ನೋಡೋಣವೆಂದು, ಬಿಲ್ಡ್ ನಂಬರಿನ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು, ಯುಎಸ್‌ಬಿ ಡಿಬಗಿಂಗ್ ಚಾಲೂ ಮಾಡಿ, ಕೇಬಲ್ ಹಾಕಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನದಲ್ಲಿ, ಲಾಗ್ ತೋರಿಸುವ ಲಾಗ್‌ಕ್ಯಾಟ್ ಓಡಿಸಿದೆ. ಸಾಲುಗಳು ಹೊಳೆಯಂತೆ ಹರಿಯುತ್ತವೆ. ಅವುಗಳಲ್ಲಿ ಹುಡುಕಬೇಕಾದದ್ದು 'ಫೇಟಲ್ ಎಕ್ಸೆಪ್ಷನ್' ಎಂಬ, ಪ್ರೊಸೆಸ್ ಬಿದ್ದುಹೋದುದನ್ನು ಹೇಳುವ ಎರಡು ಪದಗಳನ್ನು ಮತ್ತು ಅವುಗಳ ಕೆಳಗಿನ ಮೂರ್ನಾಲ್ಕು ಸಾಲುಗಳನ್ನು ಮಾತ್ರ. ಅಲ್ಲಿ ಅಕೋರ್ ಹೆಸರಿನ ಕೆಳಗೆ 'ಡೇಟಾಬೇಸ್ ಆರ್ ಡಿಸ್ಕ್ ಈಸ್ ಫುಲ್, ಕೋಡ್ 13' ಎಂದಿತ್ತು. ಉಗ್ರಾಣ ಕೆಟ್ಟಿರಲಿಲ್ಲ, ಒಂದು ಸಾಲು ಬರೆಯಲೂ ಅದಕ್ಕೆ ಜಾಗ ಉಳಿದಿರಲಿಲ್ಲ. ಪರದೆಯ ಮೇಲೆ ಜಾಗ ಮುಗಿಯುತ್ತಿದೆ ಎಂಬ ಸೂಚನೆಯೂ ಇತ್ತು. ಅದನ್ನು ತೋರಿಸಿದಾಗ ಗುಮಾಸ್ತರು, "ಅದು ವರ್ಷದಿಂದ ಅದ ತಮ್ಮಾ, ಅದರ ಪಾಡಿಗೆ ಅದು ಇರ್ತದ" ಎಂದರು.

ಜಾಗ ಮಾಡುವ ಮೊದಲು ನಂಬರುಗಳನ್ನು ಹೊರತೆಗೆಯಬೇಕಿತ್ತು. ಎಕ್ಸ್‌ಪೋರ್ಟ್ ಕೂಡ ನಡುವೆ ಬಿದ್ದುಹೋಗುತ್ತಿದ್ದುದರಿಂದ, ಅವರ ಒಪ್ಪಿಗೆ ಪಡೆದು ನಾಲ್ಕು ವಿಡಿಯೊ ಅಳಿಸಿ ಉಸಿರಾಡುವಷ್ಟು ಜಾಗ ಮಾಡಿಕೊಂಡೆ. ಆಮೇಲೆ ಕಾಂಟ್ಯಾಕ್ಟ್ಸ್‌ನ ಮೆನುವಿನಿಂದ ಎಲ್ಲ ಹೆಸರುಗಳನ್ನು ಮೆಮೊರಿ ಕಾರ್ಡಿಗೆ ವಿಸಿಎಫ್ ಎಂಬ, ಹೆಸರು-ನಂಬರುಗಳನ್ನು ಸಾಗಿಸುವ ಮಾದರಿಯ ಫೈಲಾಗಿ ಇಳಿಸಿ, ಕಂಪ್ಯೂಟರಿಗೂ ಒಂದು ಪ್ರತಿ ಹಾಕಿದೆ. ಫೈಲು ಬಂತೆಂದ ಮಾತ್ರಕ್ಕೆ ನಂಬಬಾರದು. ಅದನ್ನು ನೋಟ್‌ಪ್ಯಾಡ್ ಮಾದರಿಯ ಎಡಿಟರಿನಲ್ಲಿ ತೆರೆದು 'ಬಿಗಿನ್ ವಿಕಾರ್ಡ್' ಎಂಬ ಸಾಲು ಎಷ್ಟಿವೆಯೆಂದು ಎಣಿಸಿದರೆ ಅಷ್ಟು ಹೆಸರುಗಳು ಬಂದಿವೆಯೆಂದು ಅರ್ಥ. ಅವರದರಲ್ಲಿ 712 ಇದ್ದವು, ಫೋನಿನ ಪಟ್ಟಿಯಲ್ಲಿಯೂ ಅಷ್ಟೇ. 'ಸಿರವಾರ ಹತ್ತಿ', 'ಮಾನ್ವಿ ಲಾರಿ' ಎಂದು ಅವರ ಮೊಮ್ಮಗ ಕನ್ನಡದಲ್ಲಿ ಹಾಕಿಕೊಟ್ಟ ಹೆಸರುಗಳು ಮಾತ್ರ ಸಮ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಸರಪಳಿಯಾಗಿ ಕಂಡವು. ಹಳೆಯ ಫೋನುಗಳು ಕನ್ನಡವನ್ನು ಹಾಗೆಯೇ ಸಂಕೇತ ಮಾಡಿ ಬರೆಯುತ್ತವೆ, ಮರಳಿ ಫೋನಿಗೆ ಹಾಕಿದಾಗ ಕನ್ನಡವೇ ಆಗುತ್ತದೆ. ಇದನ್ನು ತಿಳಿಯದೆ ಫೈಲು ಕೆಟ್ಟಿದೆಯೆಂದು ಎಸೆದವರನ್ನು ನಾನು ನೋಡಿದ್ದೇನೆ.

ಇನ್ನು ಜಾಗ ತಿಂದದ್ದು ಯಾವುದು ಎಂಬುದು ಉಳಿಯಿತು. ಗುಡ್ ಮಾರ್ನಿಂಗ್ ಚಿತ್ರಗಳೇ ಇರಬೇಕೆಂದು ಹೋದರೆ, ಅವು ಸುಮಾರು 200 ಎಂಬಿ ಮಾತ್ರ ಇದ್ದವು. ಫೋಲ್ಡರುಗಳನ್ನು ಗಾತ್ರದ ಪ್ರಕಾರ ಸಾಲುಹಚ್ಚಿ ನೋಡಿದಾಗ, ಸಂದೇಶ ಕಳುಹಿಸುವ ಆ್ಯಪ್‌ನ ಬ್ಯಾಕಪ್ ಫೋಲ್ಡರಿನಲ್ಲಿ ಎಂಟು ಫೈಲುಗಳು ಕಂಡವು. ಒಂದಕ್ಕೆ ತಾರೀಖಿಲ್ಲ, ಉಳಿದ ಏಳರ ಹೆಸರಿನಲ್ಲಿ ಹಿಂದಿನ ಏಳು ದಿನಗಳ ತಾರೀಖುಗಳು. ಒಂದೊಂದೂ 160 ಎಂಬಿ. ಆ ಆ್ಯಪ್ ಪ್ರತಿ ರಾತ್ರಿ 2 ಗಂಟೆಗೆ ಮಾತುಕತೆಗಳ ಪೂರ್ತಿ ನಕಲು ಮಾಡಿ, ಒಂದು ವಾರದ ನಕಲುಗಳನ್ನು ಫೋನಿನಲ್ಲಿಯೇ ಇಟ್ಟುಕೊಳ್ಳುತ್ತದೆ. ತಾರೀಖಿಲ್ಲದ ಫೈಲೇ ಇತ್ತೀಚಿನದಾದ್ದರಿಂದ ಅದನ್ನು ಉಳಿಸಿ, ಉಳಿದ ಏಳನ್ನು ಅಳಿಸಿದೆ. 1,120 ಎಂಬಿ ಜಾಗವಾಯಿತು. ಪರದೆಯ ಮೇಲಿನ ಆ ಸಂದೇಶ ನಿಂತಿತು, ಕರೆಗಳು ಪಟ್ಟಿಗೆ ಸೇರತೊಡಗಿದವು, ನಾನು ನೂರು ರೂಪಾಯಿ ತೆಗೆದುಕೊಂಡು ಕಳುಹಿಸಿಕೊಟ್ಟೆ.

ಎಂಟನೆಯ ದಿನ ಅವರು ಮತ್ತೆ ಬಂದರು, ಈ ಸಲ ಕರವಸ್ತ್ರವಿಲ್ಲದೆ, ಕೈಯಲ್ಲಿ ಹಿಡಿದುಕೊಂಡೇ. "ನಿನ್ನ ಔಷಧ ಒಂದು ವಾರದ್ದೇನು?" ಎಂದು ಕೇಳಿದರು. ಆ ಮಾತಿನಲ್ಲಿಯೇ ಉತ್ತರವೂ ಇತ್ತು. ಫೋಲ್ಡರ್ ತೆರೆದರೆ ಏಳು ಹೊಸ ತಾರೀಖುಗಳು. ದಿನಕ್ಕೊಂದರಂತೆ ನಕಲುಗಳು ಬಂದು, ನಾನು ಮಾಡಿಕೊಟ್ಟ ಜಾಗವನ್ನು ಲೆಕ್ಕ ಹಾಕಿದಂತೆ ತುಂಬಿಸಿದ್ದವು. ನಾನು ಕಸ ಗುಡಿಸಿದ್ದೆ, ಕಸ ಬೀಳುವ ಮೂಲವನ್ನು ಮುಟ್ಟಿರಲಿಲ್ಲ. ಎರಡನೆಯ ಸಲ ಅವರಿಂದ ಹಣ ಪಡೆಯಲಿಲ್ಲ.

ಪ್ರತಿ ರಾತ್ರಿಯ ಈ ನಕಲನ್ನು ಆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ನಿಲ್ಲಿಸಲು ಬರುವುದಿಲ್ಲ. ಆದ್ದರಿಂದ ನಕಲಿನ ಗಾತ್ರವನ್ನೇ ಇಳಿಸಬೇಕು, ಅಂದರೆ ಮೂಲದಲ್ಲಿರುವ ಮಾತುಕತೆಗಳನ್ನು ಕಡಿಮೆ ಮಾಡಬೇಕು. "ಕಾಕಾ, ಯಾವ ಗುಂಪು ಓದ್ತೀರಿ, ಯಾವುದು ಓದಂಗಿಲ್ಲ ಹೇಳ್ರಿ" ಎಂದು ಪಕ್ಕದಲ್ಲಿ ಕೂರಿಸಿಕೊಂಡೆ. ಹತ್ತಿಯ ದರ ಬರುವ ಒಂದು ಗುಂಪು ಮತ್ತು ಮನೆಯವರ ಒಂದು ಗುಂಪು ಬಿಟ್ಟು, ಉಳಿದ ಹದಿನಾಲ್ಕರಲ್ಲಿ ಅವರು ಎಂದೂ ಬಾಯಿ ತೆರೆದಿರಲಿಲ್ಲ. ಅವುಗಳಲ್ಲಿ ವರ್ಷಗಳ ಸಂದೇಶಗಳು ಗುಡ್ಡೆಬಿದ್ದಿದ್ದವು. ಅವನ್ನೆಲ್ಲ ಖಾಲಿ ಮಾಡಿದೆವು, ಕೆಲವು ಗುಂಪುಗಳಿಂದ ಅವರೇ ಹೊರಬಂದರು. ಮೀಡಿಯಾ ತಾನಾಗಿ ಇಳಿಯುವುದನ್ನು ನಿಲ್ಲಿಸಿ, ಇದ್ದ ಫೋಟೊಗಳನ್ನು ಕಾರ್ಡಿಗೆ ಸಾಗಿಸಿ, ಹಳೆಯ ಏಳು ನಕಲುಗಳನ್ನು ಮತ್ತೆ ಅಳಿಸಿದೆ. ನಾನು ಹೇಳಿದಂತೆ ಮರುದಿನ ಬೆಳಿಗ್ಗೆ ಗಂಜ್‌ಗೆ ಹೋಗುವ ದಾರಿಯಲ್ಲಿ ಅವರು ಅಂಗಡಿಗೆ ಬಂದು ಹೋದರು. ಆ ರಾತ್ರಿಯ ನಕಲು 28 ಎಂಬಿಗೆ ಇಳಿದಿತ್ತು.

ಜನವರಿಯ ಕೊನೆಯ ವಾರದಲ್ಲಿ ಚಾರ್ಜಿಂಗ್ ಪಿನ್ ಸಡಿಲವಾಯಿತೆಂದು ಅವರು ಮತ್ತೆ ಬಂದಾಗ, ಕೇಳದಿದ್ದರೂ ನಾನು ಆ ಫೋಲ್ಡರನ್ನು ತೆರೆದು ನೋಡಿದೆ. ಎಂಟು ಫೈಲುಗಳು, ಎಲ್ಲ ಕೂಡಿ 250 ಎಂಬಿಯೊಳಗೆ. ಕರೆಗಳ ಪಟ್ಟಿಯ ಮೊದಲ ಸಾಲಿನಲ್ಲಿ 'ಮಾನ್ವಿ ಲಾರಿ' ಎಂದಿತ್ತು, ಹತ್ತು ನಿಮಿಷದ ಹಿಂದಿನ ಕರೆ.